ನಾನು ಕೇಳಿದ ಪ್ರಶ್ನೆ, ಬೀದಿ ನೆಟ್ಟ ಬೋರ್ಡು

ಕಳೆದ ತಿಂಗಳು ನಮ್ಮ ಬೀದಿಯ ಬಾಯಿಗೆ ಒಂದು ಬೋರ್ಡು ಬಂತು. ಹಳದಿ ತಗಡು, ಕೆಂಪು ಅಕ್ಷರ. ‘ಮಾರಾಟಗಾರರಿಗೆ ಮತ್ತು ಅಪರಿಚಿತರಿಗೆ ಪ್ರವೇಶವಿಲ್ಲ. ಇಂತಿ, ನಿವಾಸಿಗಳ ಸಂಘ.’

ಬರೆಸಿದ್ದು ಸಂಘ. ಗುಂಡಿ ತೋಡಿ, ಸಿಮೆಂಟು ಹಾಕಿ ನೆಟ್ಟವನು ವೆಲ್ಡಿಂಗ್ ಅಂಗಡಿಯವನು. ಆದರೆ ಅದು ಅಲ್ಲಿಗೆ ಬರಲು ಕಾರಣ ಯಾರು ಗೊತ್ತೇ? ಪ್ರತಿ ವಾರ ಈ ಜಾಗದಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುವ ನಾನು.

ಮೊದಲಿನಿಂದ ಹೇಳುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

ನನಗೀಗ ನಲವತ್ತೊಂಬತ್ತು. ಐವತ್ತು ತುಂಬುವುದರೊಳಗೆ ಒಂದು ಎಂ.ಎ. ಮಾಡಿಬಿಡಬೇಕು ಎಂಬ ಹುಕಿ ಬಂದು, ದೂರಶಿಕ್ಷಣದಲ್ಲಿ ಸಮೂಹ ಸಂವಹನದ ಕೋರ್ಸಿಗೆ ಸೇರಿಕೊಂಡೆ. ಭಾನುವಾರ ಸೋಲದೇವನಹಳ್ಳಿಯಲ್ಲಿ ಕ್ಲಾಸು. ಕೊಡಿಗೇಹಳ್ಳಿಯ ನಮ್ಮ ಮನೆಯಿಂದ ಬಸ್ಸು ಬದಲಾಯಿಸಿ ಬದಲಾಯಿಸಿ ಅಲ್ಲಿಗೆ ತಲುಪುವಷ್ಟರಲ್ಲಿ ಸಂವಹನದ ಮೇಲೆಯೇ ಜಿಗುಪ್ಸೆ ಬಂದಿರುತ್ತದೆ. ಮೊದಲ ದಿನ ಹುಡುಗರು ನನ್ನನ್ನು ಲೆಕ್ಚರರ್ ಅಂದುಕೊಂಡು ಎದ್ದು ನಿಂತರು. ಎರಡನೇ ವಾರ ‘ಆಂಟಿ’ ಅಂದರು. ಮೂರನೇ ತಿಂಗಳು ‘ಆಂಟಿ, ನೋಟ್ಸ್ ಕೊಡಿ’ ಅಂದರು.

ಇಪ್ಪತ್ತು ವರ್ಷ ಪತ್ರಿಕೆಗೆ ಬರೆದವಳು, ನನಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ. ಎಲ್ಲಿಯ ಸುಲಭ? ಓದಿದ ಮೇಲೆ ಓದುಗರಿಗೆ ಏನಾಗುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. (ನಿಮಗೆ ಏನೂ ಆಗುವುದಿಲ್ಲ, ಅಲ್ಲವೇ?) ಇಲ್ಲಿ ನೋಡಿದರೆ ಅದರ ಮೇಲೆ ಒಂದಿಡೀ ಪೇಪರು. ಒಂದು ಥಿಯರಿ, ಮಾಧ್ಯಮ ಅನ್ನುವುದು ಬಂದೂಕಿನ ಗುಂಡು, ತಗುಲಿದ ತಕ್ಷಣ ಜನ ದೊಪ್ಪನೆ ಬೀಳುತ್ತಾರೆ ಅನ್ನುತ್ತದೆ. ‘ಇದು ಹಳೇ ಥಿಯರಿ, ಈಗ ಯಾರೂ ನಂಬಲ್ಲ. ಆದ್ರೆ ಪರೀಕ್ಷೆಗೆ ಇಂಪಾರ್ಟೆಂಟು’ ಎಂದರು ನಮ್ಮ ಗೈಡ್ ನಂದೀಶ್. ನನಗಿಂತ ಹದಿನೆಂಟು ವರ್ಷ ಚಿಕ್ಕವರು. ಬಲು ಒಳ್ಳೆಯವರು. ನಾನು ತಡವಾಗಿ ಬಂದರೆ ಅವರೇ ಸಾರಿ ಕೇಳುತ್ತಾರೆ.

ನನಗೆ ಹಿಡಿಸಿದ್ದು ಇನ್ನೊಂದು ಥಿಯರಿ. ಟಿವಿಯಲ್ಲಿ ದಿನಾ ಕೊಲೆ, ದರೋಡೆ, ಸರಗಳ್ಳತನ ನೋಡುತ್ತಾ ಕೂತವರಿಗೆ ಬರಬರುತ್ತಾ ಇಡೀ ಲೋಕವೇ ಅಪಾಯಕಾರಿ ಅನ್ನಿಸತೊಡಗುತ್ತದಂತೆ. ಹೊರಗೆ ಎಲ್ಲ ನೆಟ್ಟಗಿದ್ದರೂ ಇವರು ಒಳಗೆ ಚಿಲಕ ಹಾಕಿಕೊಂಡು ಕೂರುತ್ತಾರಂತೆ. ಓದುತ್ತಾ ಹೋದಂತೆ ನಮ್ಮ ಬೀದಿಯ ಒಬ್ಬೊಬ್ಬರ ಮುಖವೂ ಕಣ್ಣೆದುರು ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಮನೆಮನೆಯಿಂದಲೂ ಕ್ರೈಮ್ ಕಾರ್ಯಕ್ರಮದ ಆ ಗಡಸು ದನಿ ಕೇಳಿಸುವುದಿಲ್ಲವೇ? ಪ್ರಾಜೆಕ್ಟಿಗೆ ವಿಷಯ ಸಿಕ್ಕಿತು. ‘ಅಪರಾಧ ಸುದ್ದಿಗಳು ಮತ್ತು ಗೃಹಿಣಿಯರ ಆತಂಕ: ಒಂದು ಬೀದಿಯ ಅಧ್ಯಯನ.’ ಹೆಸರು ಕೇಳಿಯೇ ನಂದೀಶ್ ಖುಷಿಯಾದರು.

ನಮ್ಮದು ಮುಂದೆ ದಾರಿಯಿಲ್ಲದ ಬೀದಿ. ಮೂವತ್ತೆಂಟು ಮನೆ. ಇಪ್ಪತ್ತು ಪ್ರಶ್ನೆಗಳ ಫಾರಂ ಜೆರಾಕ್ಸ್ ಮಾಡಿಸಿ ಎಲ್ಲ ಮನೆಗೂ ಕೊಟ್ಟೆ. ‘ಅವಸರ ಇಲ್ಲ, ಒಂದು ವಾರ ಇಟ್ಕೊಳ್ಳಿ, ನಿಧಾನವಾಗಿ ತುಂಬಿ ಕೊಡಿ’ ಅಂದೆ. ಇದೇ ನೋಡಿ ನಾನು ಮಾಡಿದ ತಪ್ಪು. ಪುಸ್ತಕದಲ್ಲಿ ಎಲ್ಲೂ ಅದನ್ನು ತಪ್ಪು ಎಂದು ಬರೆದಿರಲಿಲ್ಲ.

ಆ ವಾರ ನಮ್ಮ ಬೀದಿಯಲ್ಲಿ ಪರೀಕ್ಷೆಯ ವಾತಾವರಣ. ಕಾಂಪೌಂಡಿನ ಈಚೆಗೊಬ್ಬರು ಆಚೆಗೊಬ್ಬರು ನಿಂತು ‘ಏಳಕ್ಕೆ ಏನ್ ಹಾಕಿದ್ರಿ?’ ಎಂದು ಕೇಳಿಕೊಂಡರು. ಒಬ್ಬರು ಬ್ಲೂ ಪೆನ್ನೋ ಬ್ಲ್ಯಾಕ್ ಪೆನ್ನೋ ಎಂದು ಫೋನ್ ಮಾಡಿದರು. ‘ತಟಸ್ಥ’ ಅನ್ನುವ ಕಡೆ ಟಿಕ್ ಹಾಕಿದರೆ ಅರ್ಧ ಮಾರ್ಕ್ಸಾದರೂ ಬರುತ್ತದೆಯೇ ಎಂಬ ಅನುಮಾನ ಇನ್ನೊಬ್ಬರದು. ಸಂಘದ ಕಾರ್ಯದರ್ಶಿ ಜಯರಾಮಣ್ಣ ಫ್ಯಾಕ್ಟರಿಯಿಂದ ರಿಟೈರ್ ಆದವರು, ಶಿಸ್ತಿನ ಮನುಷ್ಯ. ಫಾರಂ ಹಿಡಿದುಕೊಂಡು ಮನೆಗೇ ಬಂದರು. ‘ಮೇಡಂ, ಸರಿ ಉತ್ತರ ಯಾವ್ದು ಅಂತ ಹೇಳ್ಬಿಡಿ. ಮನೇಲಿ ಅವಳು ನಾಲ್ಕು ದಿನದಿಂದ ತಲೆ ಕೆಡಿಸ್ಕೊಂಡಿದಾಳೆ.’

‘ಸರಿ, ತಪ್ಪು ಅಂತ ಇಲ್ಲ ಸರ್. ಮನಸ್ಸಿಗೆ ಬಂದಿದ್ದು ಬರೀಬೇಕು.’

‘ಮನಸ್ಸಿಗೆ ಬಂದಿದ್ದು ಬರೆಯೋಕೆ ಪ್ರಶ್ನೆ ಯಾಕೆ ಬೇಕು?’ ಅಂದರು. ಸಂಶೋಧನಾ ವಿಧಾನದ ಮೇಲೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಈವರೆಗೆ ಕೇಳಿಲ್ಲ. ಆಗ ನಕ್ಕು ಕಳಿಸಿದೆ.

ಫಾರಂಗಳು ವಾಪಸ್ ಬಂದವು. ಹದಿಮೂರನೇ ಪ್ರಶ್ನೆ ನೋಡಿ ನನಗೆ ಕುಣಿಯುವಂತಾಯಿತು. ‘ಹಗಲಿನಲ್ಲಿ ಬರುವ ಅಪರಿಚಿತರು ಮತ್ತು ಮಾರಾಟಗಾರರ ಬಗ್ಗೆ ಈ ಬೀದಿಯ ಜನರಿಗೆ ಭಯವಿದೆ.’ ಹೆಚ್ಚುಕಡಿಮೆ ಎಲ್ಲರೂ ‘ಪೂರ್ಣವಾಗಿ ಒಪ್ಪುತ್ತೇನೆ’! ಫೋಟೋ ತೆಗೆದು ನಂದೀಶ್‌ಗೆ ಕಳಿಸಿದೆ. ‘ಸೂಪರ್ ಮೇಡಂ! ಹೈಪಾಥಿಸಿಸ್ ಪ್ರೂವ್ ಆಗೋಯ್ತು’ ಎಂದು ಉತ್ತರ ಬಂತು. ಆ ದಿನ ಮನೆಯಲ್ಲಿ ಕೇಸರಿಬಾತು ಮಾಡಿದೆ. ನೆರೆಹೊರೆಯವರು ಹೆದರಿದ್ದಾರೆ ಎಂದು ಕೇಸರಿಬಾತು ಮಾಡಿದ ಮೊದಲ ಹೆಂಗಸು ನಾನೇ ಇರಬೇಕು.

ಹತ್ತೇ ದಿನಕ್ಕೆ ಬೀದಿ ಬಾಯಲ್ಲಿ ಬೋರ್ಡು.

ನಾನು ಇದನ್ನೂ ಪ್ರಾಜೆಕ್ಟಿಗೆ ಸೇರಿಸಿಕೊಳ್ಳಬಹುದು ಎಂದು ಅದರ ಫೋಟೋ ತೆಗೆದುಕೊಂಡೆ. ನಿಜ ಹೇಳುತ್ತಿದ್ದೇನೆ. ಶಾಂತವ್ವನ ನೆನಪು ಆಗ ನನಗೆ ಬರಲೇ ಇಲ್ಲ.

ಶಾಂತವ್ವ ರೊಟ್ಟಿ ಮಾರುವವರು. ಬಾಗಲಕೋಟೆ ಕಡೆಯವರು, ಹೆಬ್ಬಾಳದ ಹತ್ತಿರ ಬಾಡಿಗೆ ಮನೆ. ಬೆಳಿಗ್ಗೆಯಿಂದ ಬಡಿದ ಮೆತ್ತನೆ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಬುಟ್ಟಿಗೆ ಹಾಕಿ, ಬಿಳಿ ಬಟ್ಟೆ ಮುಚ್ಚಿ, ಹನ್ನೆರಡೂವರೆಗೆ ಸರಿಯಾಗಿ ‘ರೊಟ್ಟೀರೀ’ ಎಂದು ನಮ್ಮ ಬೀದಿಗೆ ಬರುತ್ತಿದ್ದರು. ನಮ್ಮಲ್ಲಿ ಆ ಕಡೆಯ ಮನೆಗಳೇ ಹತ್ತು ಹನ್ನೆರಡು ಇವೆ. ಉಳಿದ ನಮಗೂ ಅವರೇ ರುಚಿ ಹತ್ತಿಸಿದ್ದರು. ಅವರ ಬುಟ್ಟಿ ಅರ್ಧ ಖಾಲಿಯಾಗುತ್ತಿದ್ದದ್ದು ನಮ್ಮ ಬೀದಿಯಲ್ಲೇ.

ಬೋರ್ಡು ಬಂದು ನಾಲ್ಕು ದಿನ ಅವರ ಕೂಗು ಕೇಳಲಿಲ್ಲ. ಐದನೇ ದಿನ ಪಕ್ಕದ ರಸ್ತೆಯಲ್ಲಿ ಸಿಕ್ಕರು. ಬುಟ್ಟಿ ತುಂಬಿಯೇ ಇತ್ತು.

‘ಯಾಕೆ ಶಾಂತವ್ವ, ನಮ್ಮ ಕಡೆ ಬರ್ತಾನೇ ಇಲ್ಲ?’

‘ಬೋರ್ಡ್ ಹಾಕ್ಯಾರಲ್ರಿ ಅಕ್ಕಾರ. ನನ್ನ ಮಗಳ ಕಡಿಂದ ಓದಿಸಿಕೊಂಡೆ. ನಾ ಏನ್ ತಪ್ಪ ಮಾಡೇನ್ರಿ?’

‘ಅಯ್ಯೋ, ಅದು ನಿಮಗಲ್ಲ. ಬೇರೆಯವರಿಗೆ.’

‘ಮಾರಾವ್ರಿಗೆ ಅಂತ ಬರದೈತ್ರಿ. ನಾ ಮಾರಾಕಿನೇ ಅಲ್ರಿ?’

ಜನರಿಗೆ ಸ್ವಲ್ಪ ಭಯ ಇದೆ, ಹಗಲು ಹೊತ್ತು ಹೆಂಗಸರಷ್ಟೇ ಇರುತ್ತಾರೆ ಎಂದು ಏನೋ ತೊದಲಿದೆ. ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು.

‘ಅಂಜಿಕಿ ನನಗಿರಬೇಕ್ರಿ ಅಕ್ಕಾರ. ನೀವು ಮೂವತ್ತೆಂಟ್ ಮನಿ. ನಾ ಒಬ್ಬಾಕಿ. ಗೊತ್ತಿಲ್ಲದ ಮನಿ ಮುಂದ ಹೋಗಿ ಗೇಟ್ ಬಡ್ಯಾಕಿ ನಾನು.’

ಮೆತ್ತನೆ ರೊಟ್ಟಿ ಸಂಜೆಗೆ ಬಿರುಸಾಗುತ್ತದೆ. ಉಳಿದದ್ದನ್ನು ಆ ವಾರವೆಲ್ಲ ತಾವೇ ತಿಂದಿದ್ದರಂತೆ. ಮಗಳು ಪಿಯುಸಿ ಓದುತ್ತಿದ್ದಾಳೆ, ‘ಅವ್ವಾ, ಒಂದಿನರ ಅನ್ನ ಮಾಡು’ ಎಂದು ಗೋಗರೆಯುತ್ತಾಳಂತೆ. ಅವರು ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ.

ಮನೆಗೆ ಬಂದು ಫಾರಂಗಳನ್ನು ಮತ್ತೆ ತೆಗೆದೆ. ಯಾರು ಇಷ್ಟು ಹೆದರಿದವರು? ಎದುರು ಮನೆಯ ನಸೀಮಾ ಅವರ ಫಾರಂ ಕೈಗೆ ಬಂತು. ‘ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ?’ ಅನ್ನುವುದಕ್ಕೆ ‘ಟಿವಿ ಕೆಟ್ಟಿದೆ’ ಎಂದು ಬರೆದಿದ್ದರು. ಆದರೂ ಹದಿಮೂರಕ್ಕೆ ‘ಪೂರ್ಣವಾಗಿ ಒಪ್ಪುತ್ತೇನೆ’. ಟಿವಿಯೇ ಇಲ್ಲದೆ ಟಿವಿಯಿಂದ ಭಯ ಹೇಗೆ ಬರುತ್ತದೆ? ಫಾರಂ ಹಿಡಿದುಕೊಂಡು ಹೋಗಿ ಅವರನ್ನೇ ಕೇಳಿದೆ.

‘ನನಗೇನೂ ಭಯ ಇಲ್ಲಪ್ಪ’ ಅಂದರು ನಸೀಮಾ. ‘ನೋಡಿ, ಹನ್ನೆರಡನೇದ್ರಲ್ಲಿ ಬರ್ದಿದೀನಿ. ನನಗೆ ಇಲ್ಲ. ಬೀದಿಯವರಿಗೆ ಇದೆ.’

‘ಬೀದಿಯವರಿಗೆ ಇದೆ ಅಂತ ಯಾರು ಹೇಳಿದ್ರು?’

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ‘ನೀವೇ ಅಲ್ವಾ? ಪೇಪರ್‌ನವರು ನೀವು. ಒಳಗಿನ ಸಮಾಚಾರ ಏನೋ ಗೊತ್ತಿಲ್ದೆ ಸುಮ್‌ಸುಮ್ನೆ ಇಪ್ಪತ್ತು ಪ್ರಶ್ನೆ ಕೇಳ್ತೀರಾ? ನೀವು ಫಾರಂ ಕೊಟ್ಟ ದಿನವೇ ಜಯರಾಮಣ್ಣ ಅದರ ಫೋಟೋ ತೆಗ್ದು ಗ್ರೂಪಿಗೆ ಹಾಕಿದ್ರು. ಮೇಡಂ ಇಂಡೈರೆಕ್ಟಾಗಿ ವಾರ್ನಿಂಗ್ ಕೊಡ್ತಿದಾರೆ, ಎಲ್ಲಾರೂ ಹುಷಾರು ಅಂತ.’

(ಬೀದಿಯ ಗ್ರೂಪಿನಲ್ಲಿ ನಾನೂ ಇದ್ದೇನೆ. ಬೆಳಗಿನ ಶುಭೋದಯಗಳ ಕಾಟಕ್ಕೆ ಮ್ಯೂಟ್ ಮಾಡಿ ವರ್ಷವಾಗಿದೆ. ಸಂವಹನದ ವಿದ್ಯಾರ್ಥಿನಿ!)

ಫಾರಂಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತೆ. ಹನ್ನೆರಡನೇ ಪ್ರಶ್ನೆ: ‘ನಿಮಗೆ ಭಯವಿದೆಯೇ?’ ಒಂದೆರಡು ಮನೆ ಬಿಟ್ಟರೆ ಎಲ್ಲರೂ ‘ಇಲ್ಲ’. ಹದಿಮೂರನೇ ಪ್ರಶ್ನೆ: ‘ಬೀದಿಯ ಜನರಿಗೆ?’ ಹೆಚ್ಚುಕಡಿಮೆ ಎಲ್ಲರೂ ‘ಹೌದು’. ಮೇಲಿನ ಸಾಲನ್ನು ಬಿಟ್ಟು ಕೆಳಗಿನ ಸಾಲು ನೋಡಿ ನಾನು ಕೇಸರಿಬಾತು ಮಾಡಿದ್ದೆ.

ಇದಕ್ಕೂ ಪುಸ್ತಕದಲ್ಲಿ ಒಂದು ಥಿಯರಿ ಇದೆ. ಟಿವಿ, ಜಾಹೀರಾತು, ಸುದ್ದಿ ಇವು ಕೆಡಿಸುವುದು ಯಾವಾಗಲೂ ಪಕ್ಕದ ಮನೆಯವರನ್ನು, ನಾನು ಮಾತ್ರ ಗಟ್ಟಿ ಎಂದು ಪ್ರತಿಯೊಬ್ಬರೂ ನಂಬಿರುತ್ತಾರಂತೆ. ಅದರ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಗೀಚಿದ್ದೆ. ಒಳ್ಳೇ ಮಾರ್ಕ್ಸೂ ಬಂದಿತ್ತು. ಬರೆಯುವಾಗ ನನ್ನ ತಲೆಯಲ್ಲಿದ್ದದ್ದು ನಮ್ಮ ಬೀದಿಯ ಹೆಂಗಸರು, ನಾನಲ್ಲ. ಊರಿಗೆಲ್ಲ ಉಪದೇಶ ಹೇಳುವವಳಿಗೆ ತನ್ನ ಮನೆ ಬಾಗಿಲು ಕಾಣಿಸಬೇಕಲ್ಲ?

ನಾಚಿಕೆಯಾಯಿತು. ತುಂಬಾ ನಾಚಿಕೆಯಾಯಿತು. ಟಿವಿಯವರು ಗಂಟಲು ಹರಿದುಕೊಂಡರೂ ನಮ್ಮ ಬೀದಿಯಲ್ಲಿ ಯಾರೂ ಚಿಲಕ ಹಾಕಿರಲಿಲ್ಲ. ನನ್ನದು ಎರಡೂ ಕಡೆ ಜೆರಾಕ್ಸ್ ಮಾಡಿದ ಒಂದು ಹಾಳೆ, ಅದು ಬೋರ್ಡು ನೆಡಿಸಿತು.

ಭಾನುವಾರ ಕ್ಲಾಸು ಮುಗಿದ ಮೇಲೆ, ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ನಂದೀಶ್‌ಗೆ ಎಲ್ಲವನ್ನೂ ಹೇಳಿದೆ. ಅವರು ಗ್ಲಾಸು ಕೆಳಗಿಟ್ಟರು.

‘ಮೇಡಂ, ಇನ್ನು ಹದಿನೈದು ದಿನಕ್ಕೆ ಸಬ್‌ಮಿಶನ್. ಈಗ ಡೇಟಾ ಸರಿಯಿಲ್ಲ ಅಂದ್ರೆ ಮತ್ತೆ ಟಾಪಿಕ್, ಮತ್ತೆ ಸರ್ವೆ. ಡಿಗ್ರಿ ಒಂದು ವರ್ಷ ಮುಂದಕ್ಕೆ ಹೋಗುತ್ತೆ.’

‘ಮತ್ತೆ ಏನ್ ಮಾಡ್ಲಿ ಹೇಳಿ?’

‘ಒಂದು ಕೆಲಸ ಮಾಡಿ. ಕೊನೇಲಿ ‘ಅಧ್ಯಯನದ ಮಿತಿಗಳು’ ಅಂತ ಇರುತ್ತಲ್ಲ, ಅಲ್ಲಿ ಒಂದು ಪ್ಯಾರಾ ಬರ್ದುಬಿಡಿ. ಎಲ್ರೂ ಹಂಗೇ ಮಾಡೋದು.’

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬರುವಾಗ ಬಸ್ಸಿನಲ್ಲಿ ಆ ಪ್ಯಾರಾವನ್ನು ಮನಸ್ಸಿನಲ್ಲೇ ಬರೆದೂ ನೋಡಿದೆ. ‘ಪ್ರಶ್ನಾವಳಿಯೇ ಉತ್ತರದಾತರ ಮೇಲೆ ಕಿಂಚಿತ್ ಪ್ರಭಾವ ಬೀರಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.’ ಎಷ್ಟು ಚೆನ್ನಾಗಿದೆ, ಅಲ್ಲವೇ? ಶಾಂತವ್ವ, ಅವರ ಬುಟ್ಟಿ, ಅನ್ನ ಕೇಳುವ ಅವರ ಮಗಳು, ಎಲ್ಲರೂ ‘ಕಿಂಚಿತ್’ ಅನ್ನುವ ಪದದೊಳಗೆ ಹಿಡಿಸಿಬಿಟ್ಟರು. ಜಾಲಹಳ್ಳಿ ದಾಟುವ ಹೊತ್ತಿಗೆ ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ನಂದೀಶ್‌ಗೆ ಮೆಸೇಜ್ ಹಾಕಿದೆ. ‘ಪ್ರಾಜೆಕ್ಟ್ ವಾಪಸ್ ತಗೋತೀನಿ. ಬೇರೆ ಟಾಪಿಕ್ ಯೋಚಿಸೋಣ.’ ಅವರು ಕೈ ಮುಗಿಯುವ ಚಿತ್ರ ಕಳಿಸಿದರು. ಮೆಚ್ಚಿಕೊಂಡರೋ, ಸಾಕಪ್ಪಾ ನಿಮ್ಮ ಸಹವಾಸ ಅಂದರೋ ಇನ್ನೂ ತಿಳಿದಿಲ್ಲ.

ಐವತ್ತರೊಳಗೆ ಎಂ.ಎ. ಅನ್ನುವ ಆಸೆ ಅಲ್ಲಿಗೆ ಮುಗಿಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಸಂಘದ ಮೀಟಿಂಗು ಜಯರಾಮಣ್ಣನವರ ಮನೆಯ ಪಾರ್ಕಿಂಗಿನಲ್ಲಿ. ನಾನು ಎದ್ದು ನಿಂತು, ಇದ್ದದ್ದನ್ನು ಇದ್ದಂತೆ ಹೇಳಿದೆ. ಕಳ್ಳರ ಬಗ್ಗೆ ನನಗೆ ಯಾವ ಸುದ್ದಿಯೂ ಗೊತ್ತಿಲ್ಲ. ಅದು ನನ್ನ ಪರೀಕ್ಷೆಗೆ ಕೇಳಿದ ಪ್ರಶ್ನೆ. ನಿಮಗೆ ಭಯ ಹುಟ್ಟಿಸಿದ್ದು ನಾನೇ, ಕ್ಷಮಿಸಿ, ಬೋರ್ಡು ತೆಗೆಸಿ.

ಜಯರಾಮಣ್ಣ ತುಂಬಾ ಗೌರವದಿಂದ ಕೇಳಿಸಿಕೊಂಡರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. ‘ಅರ್ಥ ಆಗುತ್ತೆ ಮೇಡಂ. ನೀವು ಈಗ ಹಿಂಗೇ ಹೇಳ್ಬೇಕಾಗುತ್ತೆ. ಮೇಲಿಂದ ಪ್ರೆಶರ್ ಇರುತ್ತೆ.’

‘ಯಾವ ಪ್ರೆಶರ್ ಸರ್?’

‘ಹೇಳ್ಬೇಡಿ, ಹೇಳ್ಬೇಡಿ. ನಿಮಗೆ ತೊಂದ್ರೆ ಆಗೋದು ಬೇಡ.’

ಹಿಂದಿನ ಕುರ್ಚಿಗಳಲ್ಲಿ ಕೂತವರು ತಲೆಯಾಡಿಸಿದರು. ಪ್ರಶ್ನೆ ಕೇಳಿದಾಗ ಅರ್ಧ ನಂಬಿದ್ದವರು, ಅಲ್ಲ ಎಂದು ಹೇಳಿದ ಮೇಲೆ ಪೂರ್ತಿ ನಂಬಿದರು! ಇದಕ್ಕೂ ಒಂದು ಥಿಯರಿ ಇದ್ದೇ ಇರುತ್ತದೆ. ಮುಂದಿನ ಸೆಮಿಸ್ಟರಿಗೆ ಬರಬಹುದು.

ಬೇರೆ ದಾರಿ ಕಾಣದೆ ಫಾರಂಗಳ ಕಟ್ಟು ತೆಗೆದೆ. ‘ಹೆಸರು ಹೇಳಲ್ಲ. ಲೆಕ್ಕ ಮಾತ್ರ ಹೇಳ್ತೀನಿ’ ಎಂದು ಎರಡೇ ಉತ್ತರ ಓದಿದೆ. ನನಗೆ ಭಯ ಇಲ್ಲ ಅಂದವರು ಮೂವತ್ತಾರು ಮನೆಯವರು. ಬೀದಿಯವರಿಗೆ ಭಯ ಇದೆ ಅಂದವರೂ ಮೂವತ್ತಾರು ಮನೆಯವರು.

ಎಲ್ಲರೂ ಅಕ್ಕಪಕ್ಕದವರ ಮುಖ ನೋಡಿದರು.

‘ಅರೆ’ ಅಂದರು ನಸೀಮಾ. ‘ಹಂಗಾದ್ರೆ ಬೋರ್ಡ್ ಹಾಕ್ಸಿದ್ದು ಯಾರಿಗೋಸ್ಕರ?’

ಯಾರೋ ನಕ್ಕರು. ನಗು ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಇಷ್ಟಾದ ಮೇಲೆ ಬೋರ್ಡು ಇಳಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಜಯರಾಮಣ್ಣ ಗಂಟಲು ಸರಿ ಮಾಡಿಕೊಂಡು, ‘ಸಿಮೆಂಟ್ ಹಾಕಿ ನೆಟ್ಟಾಗಿದೆಯಲ್ಲ, ತೆಗೆಯೋ ವಿಷ್ಯ ಮುಂದಿನ ಮೀಟಿಂಗ್‌ನಲ್ಲಿ ನೋಡೋಣ’ ಅಂದರು. ಭಯ ಹೋದರೂ ಸಿಮೆಂಟು ಉಳಿಯಿತು.

ಮರುದಿನವೇ ಮನೆಮನೆಯಿಂದ ಶಾಂತವ್ವನಿಗೆ ಫೋನು ಹೋಗತೊಡಗಿತು. ‘ನೀನು ಬಾ, ಬೋರ್ಡು ನಿನಗಲ್ಲ.’ ‘ಯಾರಾದ್ರೂ ಕೇಳಿದ್ರೆ ನಮ್ಮ ಮನೆ ಹೆಸರು ಹೇಳು.’ ನಾನೂ ಮಾಡಿದೆ. ಶಾಂತವ್ವ ನನಗೆ ಕೊಟ್ಟ ಉತ್ತರವನ್ನೇ ಎಲ್ಲರಿಗೂ ಕೊಟ್ಟರಂತೆ.

‘ಬೋರ್ಡ್ ಇರೂಮಟ ಒಳಗ ಬರಂಗಿಲ್ರಿ ಅಕ್ಕಾರ. ದಿನಾ ತಲಿ ಎತ್ತಿ ಬರ್ತಿದ್ದೆ. ಈಗ ಒಬ್ಬೊಬ್ಬರ ಹೆಸರ ಹೇಳಿಕೋತ, ಕದ್ದು ಬಂದಂಗ ಬರಬೇಕೇನ್ರಿ? ರೊಟ್ಟಿ ಬೇಕಂದ್ರ ನೀವ ಬರ್ರಿ.’

ಅಂದಂತೆಯೇ ಬಂದರು. ಹನ್ನೆರಡೂವರೆಗೆ ಬೀದಿಯ ಬಾಯಿಗೆ ಬಂದು, ಬೋರ್ಡಿನ ಆಚೆ, ಒಂದು ಹೆಜ್ಜೆಯೂ ಈಚೆ ಇಡದೆ ಬುಟ್ಟಿ ಇಳಿಸಿದರು. ಒಂದೇ ಒಂದು ಸಲ ‘ರೊಟ್ಟೀರೀ’ ಅಂದರು.

ಬೀದಿಗೆ ಬೀದಿಯೇ ಎದ್ದು ಹೋಯಿತು. ಯಾರಿಗೂ ಕೊನೆಯವರಾಗುವ ಇಷ್ಟವಿಲ್ಲ, ಸಜ್ಜೆ ರೊಟ್ಟಿ ಬೇಗ ಮುಗಿಯುತ್ತದೆ. ನೈಟಿಯ ಮೇಲೆ ವೇಲು ಹೊದ್ದುಕೊಂಡವರು, ಕೈಯಲ್ಲಿ ಡಬ್ಬಿ ಹಿಡಿದವರು, ಒಲೆ ಸಣ್ಣ ಮಾಡಿ ಬಂದವರು. ಮಂಡಿ ನೋವಿನ ಹಿರಿಯರೊಬ್ಬರು ಮಾತ್ರ ಎರಡನೇ ಮಹಡಿಯಿಂದಲೇ ‘ನನಗೆ ನಾಲ್ಕು ಇಟ್ಕೊಳ್ಳಿ’ ಎಂದು ಕೂಗುತ್ತಿದ್ದರು. ಮುಂಚೆ ಶಾಂತವ್ವ ಅವರ ಬಾಗಿಲಿಗೇ ಹೋಗಿ ಕೊಡುತ್ತಿದ್ದರು. ಈಗ ಬಿಸಿಲಿನಲ್ಲಿ ನಿಂತು ಅವರತ್ತ ನೋಡಿ ಕೈ ಬೀಸಿದರು. ಅದನ್ನು ನೋಡಿ ನನಗೆ ಮತ್ತೆ ಸಂಕಟವಾಯಿತು. ಆ ನಾಲ್ಕನ್ನು ನಾನೇ ಒಯ್ದು ಕೊಡುತ್ತಿದ್ದೇನೆ, ಈಗಲೂ ದಿನಾ.

ನನ್ನ ಸರದಿಗೆ ಕಾಯುತ್ತಾ ಹಿಂತಿರುಗಿ ನೋಡಿದೆ. ಸಾಲಾಗಿ ಮೂವತ್ತೆಂಟು ಮನೆ. ಗೇಟುಗಳು ತೆರೆದಿವೆ, ಬಾಗಿಲುಗಳೂ ಹಾರು ಹೊಡೆದಿವೆ. ಒಳಗೆ ಫ್ಯಾನು ತಿರುಗುತ್ತಿದೆ, ಟಿವಿ ಕಿರುಚುತ್ತಿದೆ, ಕಾವಲಿಗೆ ಒಂದು ನರಪಿಳ್ಳೆ ಇಲ್ಲ.

ನನ್ನ ಪಕ್ಕದಲ್ಲೇ ಜಯರಾಮಣ್ಣ ಡಬ್ಬಿ ಹಿಡಿದು ನಿಂತಿದ್ದರು. ‘ಸರ್’ ಅಂದೆ, ‘ಮನೆ ಬಾಗಿಲು ಹಾಕ್ದೇನೇ ಬಂದ್ಬಿಟ್ರಲ್ಲ?’

‘ನಮ್ಮ ಬೀದೀಗೆ ಯಾವ ಕಳ್ಳ ಬರ್ತಾನೆ, ಬಿಡಿ ಮೇಡಂ’ ಎಂದರು ಅವರು, ಬೋರ್ಡಿನ ಕಂಬಕ್ಕೆ ಆರಾಮಾಗಿ ಒರಗಿಕೊಂಡು.